ವಾಪಸ್ ಬಂದ ಕಜ್ಜಾಯದ ತಟ್ಟೆ

ನಮ್ಮದು ಅರಸೀಕೆರೆ. ರೈಲ್ವೆ ಜಂಕ್ಷನ್ನು, ತೆಂಗಿನ ತೋಟ, ಕೊಬ್ಬರಿ ಅಂದ್ರೆ ಊರು ಯಾವುದು ಅಂತ ನಿಮಗೇ ಗೊತ್ತಾಗುತ್ತೆ. ನಾವು ಕ್ರೈಸ್ತರು. ತಾತನ ಕಾಲದಿಂದ ಇದೇ ಊರು, ಇದೇ ಬೀದಿ. ಕ್ರಿಸ್ಮಸ್ಸಿಗೆ ಅಮ್ಮ ಕಜ್ಜಾಯ, ಚಕ್ಕುಲಿ ಮಾಡಿ ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಕಳಿಸೋದು, ಸಂಕ್ರಾಂತಿಗೆ ಆ ಮನೆಗಳಿಂದ ಎಳ್ಳು-ಬೆಲ್ಲ ಬರೋದು... ಬುದ್ಧಿ ಬಂದಾಗಿನಿಂದ ನಾನು ನೋಡಿದ್ದು ಇದನ್ನೇ.

2021ರ ಕ್ರಿಸ್ಮಸ್ಸಿನಲ್ಲಿ ಮೊದಲ ಸಲ ಒಂದು ತಟ್ಟೆ ಹೋದ ಹಾಗೇ ವಾಪಸ್ ಬಂತು. ಮೇಲೆ ಮುಚ್ಚಿದ್ದ ಬಟ್ಟೆಯನ್ನೂ ತೆಗೆದಿರಲಿಲ್ಲ. "ಇನ್ಮೇಲೆ ಕಳಿಸ್ಬೇಡಿ ಅಂದ್ರು" ಅಂತ ತಮ್ಮ ಬಾಗಿಲಲ್ಲೇ ನಿಂತ.

ಆ ವರ್ಷ ಗಾಳಿಯೇ ಹಾಗಿತ್ತು ಬಿಡಿ. ನವೆಂಬರ್ 28ರ ಭಾನುವಾರ ಪಕ್ಕದ ಬೇಲೂರಿನಲ್ಲಿ ಪ್ರಾರ್ಥನೆ ನಡೀತಿದ್ದಾಗಲೇ ಗುಂಪೊಂದು ಒಳಗೆ ನುಗ್ಗಿ, ಮತಾಂತರ ಮಾಡ್ತಿದ್ದೀರಿ ಅಂತ ಗಲಾಟೆ ಮಾಡಿತ್ತು. ಡಿಸೆಂಬರ್ 23ಕ್ಕೆ ಬೆಳಗಾವಿ ಅಧಿವೇಶನದಲ್ಲಿ ಮತಾಂತರದ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಕಡೆ ಚರ್ಚುಗಳ ಮೇಲೆ ದಾಳಿ ಆದಾಗ ಕೂಡ ನನಗೆ ಇಷ್ಟು ನೋವಾಗಿರಲಿಲ್ಲ. ಯಾಕಂದ್ರೆ ಅದು ದೂರದ ಸುದ್ದಿ, ಇದು ನಮ್ಮನೆ ತಟ್ಟೆ!

"ಅಕ್ಕಿ ಮೂಟೆಗೆ ಮತ ಬಿಟ್ಟವರು" ಅನ್ನೋ ಮಾತೂ ಆಗಲೇ ಕಿವಿಗೆ ಬಿತ್ತು. ನಾನು ಕೊತಕೊತ ಕುದಿಯುತ್ತಿದ್ದೆ. ಅಮ್ಮ ನಕ್ಕುಬಿಟ್ಟಳು. "ಅಕ್ಕಿಗೆ ಬಂದವರಂತೆ ನಾವು! ಮುಂದಿನ ವರ್ಷ ಅದೇ ಅಕ್ಕಿ ನೆನೆಹಾಕಿ ಇನ್ನೂ ನಾಲ್ಕು ಕಜ್ಜಾಯ ಜಾಸ್ತಿ ಕಳಿಸ್ತೀನಿ ನೋಡು."

ನನಗೆ ಆ ನಗು ಅರ್ಥ ಆಗಲಿಲ್ಲ. ಸೋತವರ ನಗು ಅಂದ್ಕೊಂಡೆ.

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು, ಜನ ನಿಮ್ಮನ್ನು ಬೈದು ಇಲ್ಲದ್ದನ್ನೆಲ್ಲ ಹೊರಿಸಿದಾಗ ಹಿಗ್ಗಿ ಅನ್ನುತ್ತಾನೆ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಅಲ್ಲೊಂದು ಷರತ್ತಿದೆ, ನಾವು ಅದನ್ನು ಸಲೀಸಾಗಿ ದಾಟಿಬಿಡ್ತೀವಿ. ಹೊರಿಸಿದ್ದು ಸುಳ್ಳಾಗಿರಬೇಕು. ನಿಜವಾಗಿದ್ರೆ ಹಿಗ್ಗೋಕೆ ಏನಿದೆ? ಒಮ್ಮೆ ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಊರ ದೇವರನ್ನು ಸೈತಾನ ಅಂದಾಗ ನಾನು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದೆ. ಅದಕ್ಕೆ ಬೈಸಿಕೊಂಡರೆ ಅದು ಶಿಲುಬೆ ಹೊತ್ತ ಹಾಗಲ್ಲ, ಮಾಡಿದ್ದುಣ್ಣೋ ಮಾರಾಯ ಅಷ್ಟೇ.

ಇನ್ನೊಂದು ವಿಷಯ. ಹಿಗ್ಗು ಅಂದ್ರೆ ಬಾಯಿ ಮುಚ್ಚಿಕೊಂಡಿರೋದಲ್ಲ. ಫಿಲಿಪ್ಪಿಯಲ್ಲಿ ಪೌಲ-ಸೀಲರನ್ನು ಹೊಡೆದು ಜೈಲಿಗೆ ಹಾಕಿದಾಗ ಅವರು ನಡುರಾತ್ರಿ ಹಾಡಿದ್ದು ಎಲ್ಲ ಕ್ರೈಸ್ತರಿಗೂ ಗೊತ್ತು. ಮಾರನೇ ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳಿಸೋಕೆ ನೋಡಿದಾಗ ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ವಿಚಾರಣೆಯಿಲ್ಲದೆ ಹೊಡೆದಿದ್ದೀರಿ, ನೀವೇ ಬಂದು ಹೊರಗೆ ಕರಕೊಂಡು ಹೋಗಿ ಅಂತ ಹಟ ಹಿಡಿದ. ಹಾಡಿದವನೂ ಅವನೇ, ಹಕ್ಕು ಕೇಳಿದವನೂ ಅವನೇ! ಬೇಲೂರಿನಲ್ಲೂ ಅಂದು ನುಗ್ಗಿದವರನ್ನು ಎದುರು ನಿಂತು ಪ್ರಶ್ನಿಸಿದ್ದು ಪ್ರಾರ್ಥನೆಗೆ ಬಂದಿದ್ದ ಹೆಂಗಸರು.

ಇಂಥ ಹೊತ್ತಲ್ಲಿ ನಮ್ಮ ಪರವಾಗಿ ಮಾತಾಡೋ ಗೆಳೆಯರು ಕಿಟೆಲರನ್ನು ಕರೆತರುತ್ತಾರೆ. 1894ರ ನಿಘಂಟು ಕೊಟ್ಟವರು ಕ್ರೈಸ್ತರಲ್ವಾ ಅಂತ. ಪ್ರೀತಿಯಿಂದ ಅನ್ನೋದು, ಬೇಜಾರಿಲ್ಲ. ಆದರೆ ನಮ್ಮೂರಲ್ಲಿ ನಾವಿರೋಕೆ ನಿಘಂಟು ಬರೆದಿರಬೇಕಾ? ಅಮ್ಮ ಬರೆದಿದ್ದು ಹಾಲಿನ ಲೆಕ್ಕ ಮಾತ್ರ.

ನೆಂಟರು ಬಂದಾಗೆಲ್ಲ ಜಾವಗಲ್ ಮೇಲೆ ಹಳೇಬೀಡು ತೋರಿಸೋ ಕೆಲಸ ನನ್ನದು. ಎಲ್ಲರೂ ಹೊಯ್ಸಳೇಶ್ವರ ನೋಡಿ ಬಸ್ ಹತ್ತುತ್ತಾರೆ, ನಾನು ಪಾರ್ಶ್ವನಾಥ ಬಸದಿಗೂ ಎಳಕೊಂಡು ಹೋಗ್ತೀನಿ. ಆ ಬಸದಿಯ ಕಂಬಗಳ ಮೇಲೆ ಒಬ್ಬ ವೀರಶೈವ ಲಿಂಗಮುದ್ರೆ ಒತ್ತಿದ, ಒಬ್ಬ ಜೈನ ಅದನ್ನು ಅಳಿಸಿದ. ದೊಡ್ಡ ಜಗಳ. 1638ರಲ್ಲಿ ಹಿರಿಯರು ಕೂತು ರಾಜಿ ಮಾಡಿದರು. ಮೊದಲು ವಿಭೂತಿ-ಬಿಲ್ವ ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆ ನಡೆಸಿಕೊಂಡು ಹೋಗಲಿ ಅಂತ. ಅದನ್ನು ಶಾಸನವಾಗಿ ಕಲ್ಲಲ್ಲಿ ಕೆತ್ತಿಸಿದ್ದಾರೆ. ಸರಿಸಮದ ರಾಜಿ ಅಂತ ನಾನು ಹೇಳಲಾರೆ, ಬಗ್ಗಿದ್ದು ಕಡಿಮೆ ಬಲದವರೇ. ಆದರೆ ಪೂಜೆ ನಿಲ್ಲಿಸಿ ಅಂತ ಆ ರಾಜಿ ಹೇಳಲಿಲ್ಲ. ಆ ಕಂಬಗಳ ಮುಂದೆ ನಿಂತಾಗೆಲ್ಲ ನಮ್ಮ ಬೀದಿ ನೆನಪಾಗುತ್ತೆ.

ಅಮ್ಮನ ನಗು ಏನು ಅಂತ ನನಗೆ ತಿಳಿದದ್ದು ನಿಧಾನಕ್ಕೆ. ತಟ್ಟೆ ವಾಪಸ್ ಕಳಿಸಿದವರು ಅವಳನ್ನು ತಟ್ಟೆ ಕಳಿಸದ ಹೆಂಗಸಾಗಿ ಮಾಡೋಕೆ ಆಗಲಿಲ್ಲ. ಅವಳ ಹಬ್ಬ ಹೇಗಿರಬೇಕು ಅಂತ ಅವಳೇ ನಿರ್ಧರಿಸಿದಳು. ನಾನು ಮಾತ್ರ ನನ್ನ ಆ ಕ್ರಿಸ್ಮಸ್ಸನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಕೂತಿದ್ದೆ.

ಮುಂದಿನ ವರ್ಷ ಹೇಳಿದ ಹಾಗೇ ಕಳಿಸಿದಳು. ಆ ಮನೆಯ ಸೊಸೆ ಏನೂ ಮಾತಾಡದೆ ತಟ್ಟೆ ಈಸಿಕೊಂಡಳಂತೆ. ಖಾಲಿ ತಟ್ಟೆ ವಾಪಸ್ ಕೊಡಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು ಅನ್ನೋದು ನಮ್ಮ ಕಡೆ ಪದ್ಧತಿ ತಾನೆ? ಆ ತಟ್ಟೆ ಇನ್ನೂ ಬಂದಿಲ್ಲ. "ಅಲ್ಲೇ ಇರ್ಲಿ ಬಿಡು, ನಮ್ಮನೇದು ಒಂದು ಅವರ ಮನೇಲೂ ಇದ್ದ ಹಾಗಾಯ್ತು" ಅಂತಾಳೆ ಅಮ್ಮ.

ನೀವಾಗಿದ್ರೆ ಮತ್ತೆ ಕಳಿಸ್ತಿದ್ರಾ?