ಕಾರಿನ ಟೈರಿಗೆ ಋತುಗಳೆಷ್ಟು?

ಮಧ್ಯಮ ವರ್ಗದ ಕುಟುಂಬವೊಂದು ಕಾರು ಕೊಳ್ಳುವಾಗ ಅದರ ಬಣ್ಣ, ಬೆಲೆ, ಲೀಟರಿಗೆ ಓಡುವ ದೂರ ಮುಂತಾದುವನ್ನು ಕುರಿತು ತಿಂಗಳುಗಟ್ಟಲೆ ಚರ್ಚೆ ನಡೆಯುವುದುಂಟು. ನಾಲ್ಕಾರು ವರ್ಷಗಳ ತರುವಾಯ ಅದೇ ಕಾರಿನ ಟೈರುಗಳು ಸವೆದಾಗ ಚರ್ಚೆ ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅಂಗಡಿಯವನು ಮುಂದಿಟ್ಟ ಎರಡು ಮೂರು ಟೈರುಗಳಲ್ಲಿ ಬೆಲೆ ಕಡಿಮೆಯಾದುದನ್ನೋ, ಬಹುಕಾಲ ಸವೆಯದೆಂದು ಅವನು ಭರವಸೆ ಕೊಟ್ಟುದನ್ನೋ ಹಾಕಿಸಿಕೊಂಡು ಬರುವುದೇ ವಾಡಿಕೆ. ಇದರ ಜೊತೆಗೆ ಇನ್ನೊಂದು ಮಾತೂ ಕೆಲವೆಡೆ ಕಿವಿಗೆ ಬೀಳುತ್ತದೆ: ‘ಇದು ಆಲ್ ಸೀಸನ್ ಟೈರು, ಸಾರ್; ಎಲ್ಲ ಕಾಲಕ್ಕೂ ಆಗುತ್ತದೆ.’ ಎಲ್ಲ ಕಾಲಕ್ಕೂ ಆಗುವುದೆಂದ ಮೇಲೆ ಕೇಳುವುದೇನು ಉಳಿಯಿತು ಎಂದು ಮನೆಯ ಯಜಮಾನರು ಸುಮ್ಮನಾಗುತ್ತಾರೆ. ಕೇಳಬೇಕಾದುದು ಬಹಳ ಉಳಿದಿದೆ ಎಂಬುದು ನಮ್ಮ ಅಭಿಪ್ರಾಯ. ಕೇಳಲು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಧಿಕಾರವಿರುವುದು ಭೌತಶಾಸ್ತ್ರವನ್ನು ಓದುತ್ತಿರುವ ಮಗನಿಗೆ ಅಥವಾ ಮಗಳಿಗೆ. ಆದರೆ ಟೈರಿನ ಅಂಗಡಿಗೆ ಅವರನ್ನು ಯಾರೂ ಕರೆದೊಯ್ಯುವುದಿಲ್ಲ.

ಮೊದಲು ಹೆಸರಿನ ವಿಚಾರ. ‘ಸರ್ವಋತು’ ಎಂಬ ಈ ವಿಶೇಷಣ ಹುಟ್ಟಿದ್ದು ನಮ್ಮ ನಾಡಿನಲ್ಲಲ್ಲ. ಅಮೆರಿಕದ ಉತ್ತರ ಭಾಗಗಳಲ್ಲಿ ಚಳಿಗಾಲ ಬಂತೆಂದರೆ ಟೈರುಗಳನ್ನು ಬಿಚ್ಚಿ ಹಿಮದ ಟೈರುಗಳನ್ನು ತೊಡಿಸುವುದು, ವಸಂತದಲ್ಲಿ ಮತ್ತೆ ಬದಲಿಸುವುದು ರೂಢಿಯಾಗಿತ್ತು. ಈ ಎರಡು ಸಲದ ತೊಂದರೆಯನ್ನು ತಪ್ಪಿಸುವ ಸಲುವಾಗಿ ಗುಡ್‌ಇಯರ್ ಕಂಪನಿ 1977ರಲ್ಲಿ ‘ಟಿಯೆಂಪೊ’ ಎಂಬ ಟೈರನ್ನು ಮಾರುಕಟ್ಟೆಗೆ ತಂದಿತು. ಸರ್ವಋತು ಟೈರಿನ ಪ್ರಚಾರ ಅಲ್ಲಿಂದ ಬೆಳೆಯಿತು. ರಬ್ಬರು ತಣ್ಣಗಾದಂತೆ ಗಡುಸಾಗುತ್ತದೆ. ಬೇಸಗೆಗೆಂದು ಹದಗೊಳಿಸಿದ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತನ್ನ ಮೃದುತ್ವವನ್ನು ಕಳೆದುಕೊಳ್ಳತೊಡಗುವುದೆಂದು ಟೈರು ತಯಾರಕರು ಎಣಿಸುತ್ತಾರೆ. ಹಿಮಕ್ಕೂ ಬಿಸಿಲಿಗೂ ಸಮನಾಗಿ ಒದಗಬೇಕಾದ ಟೈರು ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಲೇಬೇಕು. ಆ ದೇಶಗಳವರು ಇದನ್ನು ಅನುಭವದಿಂದ ಅರಿತರು. ಟೈರಿನ ಪಕ್ಕದ ಮೇಲೆ ‘ಎಂ ಪ್ಲಸ್ ಎಸ್’ ಎಂಬ, ಕೆಸರು ಮತ್ತು ಹಿಮವನ್ನು ಸೂಚಿಸುವ ಅಕ್ಷರಗಳನ್ನು ಅಚ್ಚು ಹಾಕಿದರೆ ಸಾಲದೆಂದು, ಹಿಮದ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತನ್ನು ಕೊಡುವ ಏರ್ಪಾಡು ಬಂದಿತು. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರಿಯ ‘ಎಂ ಪ್ಲಸ್ ಎಸ್’ ಟೈರು ಚಳಿಗಾಲದ ಟೈರೆಂದು ಲೆಕ್ಕಕ್ಕೆ ಬರುವುದಿಲ್ಲ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಮ್ಯೂನಿಕ್ಕಿನಲ್ಲೋ ಮಾಂಟ್ರಿಯಲ್ಲಿನಲ್ಲೋ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಟೈರು ಆರಿಸುವಾಗ ಹೆಸರನ್ನು ಬಿಟ್ಟು ಈ ಬೆಟ್ಟದ ಗುರುತನ್ನೇ ಹುಡುಕಬೇಕು.

ಇಲ್ಲಿ ಹಿಮವಿಲ್ಲ. ಏಳು ಡಿಗ್ರಿಗಿಂತ ಕೆಳಗಿಳಿಯುವ ಉಷ್ಣತೆ ನಮಗೆ ಅಪರೂಪ. ನಮ್ಮ ಋತುಗಳು ಬೇರೆ ಬಗೆಯವು. ರಾಯಚೂರು ಕಲಬುರಗಿಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಒಣ ರಸ್ತೆಯ ಮೇಲೆ ಹೊರಟ ಕಾರು ಅದೇ ದಿನ ಶಿರಾಡಿ ಘಾಟಿಯಲ್ಲಿ ಹರಿಯುವ ನೀರಿನ ಮೇಲೆ ಇಳಿಯಬೇಕಾಗುತ್ತದೆ. ಒಣ ರಸ್ತೆಯ ಮೇಲೆ, ಸರಿಯಾಗಿ ಗಾಳಿ ತುಂಬಿದ್ದರೆ, ಒಳ್ಳೆಯ ಟೈರಿಗೂ ಸಾಧಾರಣ ಟೈರಿಗೂ ಕುಟುಂಬದ ಕಾರಿನಲ್ಲಿ ನಮಗೆ ಅರಿವಾಗುವಷ್ಟು ಅಂತರವಿರುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಟೈರು ಒದ್ದೆ ರಸ್ತೆಯನ್ನು ಎಷ್ಟು ಹಿಡಿಯುತ್ತದೆ? ಬೆಲೆ, ಬಾಳಿಕೆ, ಸದ್ದು, ಅಂದ ಇವೆಲ್ಲವೂ ಅನಂತರದವು.

ಹೀಗೆ ಹೇಳುವುದಕ್ಕೆ ಕಾರಣವನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಪ್ರಯಾಣಿಕರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರನ್ನು ತೆಗೆದುಕೊಳ್ಳೋಣ. ಒಂದೊಂದು ಚಕ್ರದ ಪಾಲಿಗೆ 300 ಕಿಲೋಗ್ರಾಂ. ಟೈರಿನಲ್ಲಿ ಚದರಂಗುಲಕ್ಕೆ 33 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ ಒತ್ತಡವಿದೆಯೆನ್ನಿ. ಭಾಗಿಸಿದರೆ ನೆಲಕ್ಕೆ ತಾಗಿರುವ ಭಾಗ ಸುಮಾರು 130 ಚದರ ಸೆಂಟಿಮೀಟರು. ಇದು ಒಂದು ಅಂಚೆ ಕಾರ್ಡಿನಷ್ಟು! ತಂದೆ, ತಾಯಿ, ಅಜ್ಜಿ, ಮಕ್ಕಳು ಎಲ್ಲರ ಕ್ಷೇಮವೂ ನಾಲ್ಕು ಅಂಚೆ ಕಾರ್ಡುಗಳ ಮೇಲೆ ನಿಂತಿದೆ.

ತರಗತಿಯಲ್ಲಿ ನಾವು ಬೋಧಿಸುವ ಪಾಠವೊಂದನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಘರ್ಷಣೆಯು ತೂಕಕ್ಕೆ ಅನುಪಾತದಲ್ಲಿರುವುದು, ಸ್ಪರ್ಶಕ್ಷೇತ್ರವನ್ನು ಅವಲಂಬಿಸುವುದಿಲ್ಲ ಎಂದು 1699ರಲ್ಲಿ ಫ್ರಾನ್ಸಿನ ಅಮೊಂತೊಂ ಹೇಳಿದುದನ್ನು ಪರೀಕ್ಷೆಗಾಗಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಮರದ ತುಂಡಿಗೆ, ಕಬ್ಬಿಣದ ದಿಮ್ಮಿಗೆ ಅದು ಸರಿ. ರಬ್ಬರು ಆ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಅದು ರಸ್ತೆಯ ಕಲ್ಲಿನ ಮೊನೆಗಳ ಸುತ್ತ ಇಳಿದು ಹರಡುತ್ತದೆ, ಮೊನೆಯನ್ನು ದಾಟಿ ಹಿಂದಿನ ಆಕಾರಕ್ಕೆ ಬರುವಾಗ ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸದೆ ಒಂದಂಶವನ್ನು ಶಾಖವಾಗಿ ನುಂಗುತ್ತದೆ. ಹಿಸ್ಟೆರಿಸಿಸ್ ಎಂಬ ಈ ಗುಣವೇ ಒದ್ದೆ ರಸ್ತೆಯಲ್ಲಿ ಟೈರಿನ ಮುಖ್ಯ ಆಸರೆ. ಏಕೆಂದರೆ ರಬ್ಬರು ಕಲ್ಲಿಗೆ ಅಂಟಿಕೊಳ್ಳುವ ಇನ್ನೊಂದು ಬಗೆಯ ಹಿಡಿತವನ್ನು ನೀರಿನ ಪೊರೆ ಬಹುಮಟ್ಟಿಗೆ ಕೆಡಿಸಿರುತ್ತದೆ.

ಈಗ ಬ್ರೇಕು ಹಾಕೋಣ. ನಿಲ್ಲಲು ಬೇಕಾದ ದೂರ ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಷ್ಟು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಎರಡು ಕಾರುಗಳು ಒದ್ದೆ ರಸ್ತೆಯಲ್ಲಿ ಅಕ್ಕಪಕ್ಕ ಬರುತ್ತಿವೆ. ಒಂದರ ಘರ್ಷಣಾಂಕ 0.6, ಇನ್ನೊಂದರದು 0.4 ಎಂದಿಟ್ಟುಕೊಳ್ಳಿ. ಚಾಲಕನು ಗಾಬರಿಯಿಂದ ಎಚ್ಚತ್ತು ಬ್ರೇಕು ತುಳಿಯುವ ಹೊತ್ತನ್ನು ಎರಡರಲ್ಲೂ ಬಿಟ್ಟುಬಿಡೋಣ. ಮೊದಲನೆಯದು 42 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ 63 ಮೀಟರು ಬೇಕು. ಇಪ್ಪತ್ತೊಂದು ಮೀಟರಿನ ವ್ಯತ್ಯಾಸ ತಾನೆ ಎನ್ನುವವರು ಇನ್ನೊಂದು ಹೆಜ್ಜೆ ಲೆಕ್ಕ ಮಾಡಲಿ: ಮೊದಲನೆಯ ಕಾರು ಪೂರ್ತಿ ನಿಂತ ಆ ಸ್ಥಳವನ್ನು ಎರಡನೆಯದು ಹಾದುಹೋಗುವಾಗ ಅದರ ವೇಗವೆಷ್ಟು? ಗಂಟೆಗೆ 46 ಕಿಲೋಮೀಟರು. ಒಬ್ಬನಿಗೆ ನಿಂತ ಲಾರಿಯ ಹಿಂಭಾಗ ಕಣ್ಣೆದುರು ಕಾಣುತ್ತದೆ. ಇನ್ನೊಬ್ಬನು ಅದಕ್ಕೆ 46ರ ವೇಗದಲ್ಲಿ ಅಪ್ಪಳಿಸುತ್ತಾನೆ. ಎಂಜಿನ್ನಿನ ಅಶ್ವಶಕ್ತಿಯಾಗಲಿ ಕಾರಿನ ಬೆಲೆಯಾಗಲಿ ಈ ಸಮೀಕರಣದಲ್ಲಿ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಬೇಕು.

ಇಲ್ಲಿಯವರೆಗೆ ಟೈರು ನೆಲಕ್ಕೆ ತಾಗಿಯೇ ಇದೆ ಎಂದುಕೊಂಡೆವು. ಮಳೆ ಜೋರಾದಾಗ ಅದೂ ಖಚಿತವಲ್ಲ. ಮೂರು ಮಿಲಿಮೀಟರು ನೀರು ನಿಂತ ರಸ್ತೆಯಲ್ಲಿ 80ರ ವೇಗದಲ್ಲಿ ಓಡುವ, ಹದಿನೆಂಟು ಸೆಂಟಿಮೀಟರು ಅಗಲದ ಟೈರು ತನ್ನ ದಾರಿಯಿಂದ ಪ್ರತಿ ಸೆಕೆಂಡಿಗೆ ಹನ್ನೆರಡು ಲೀಟರು ನೀರನ್ನು ಸರಿಸಬೇಕು. ಸೆಕೆಂಡಿಗೊಂದು ಬಿಂದಿಗೆ ಎನ್ನೋಣ. ಟೈರಿನ ಮೈಮೇಲಿನ ಕಾಲುವೆಗಳಿರುವುದು ಇದಕ್ಕಾಗಿಯೇ. ಗ್ಯಾರೇಜಿನವರು ‘ಬಟನ್’ ಎನ್ನುವ ಉಬ್ಬುಗಳ ನಡುವೆ, ಮೈಯ ಮೂರನೆಯ ಒಂದು ಪಾಲಿನಷ್ಟು ಜಾಗ ಕಾಲುವೆಯದು. ಹೊಸ ಟೈರಿನಲ್ಲಿ ಅವು ಸುಮಾರು 8 ಮಿಲಿಮೀಟರು ಆಳ. ಎಂದರೆ ಸುಮಾರು 2.7 ಮಿಲಿಮೀಟರು ದಪ್ಪದ ನೀರಿನ ಪೊರೆಗೆ ಅವುಗಳಲ್ಲಿಯೇ ಎಡೆಯುಂಟು. ಅದು 1.6 ಮಿಲಿಮೀಟರಿಗೆ ಸವೆದಾಗ ಎಡೆ ಉಳಿಯುವುದು ಅರ್ಧ ಮಿಲಿಮೀಟರಿಗೆ. ಉಳಿದ ನೀರು ಪಕ್ಕಕ್ಕೆ ಚಿಮ್ಮಿ ಹೋಗಬೇಕು. ಹೋಗಲು ಸಮಯ ಸಾಲದಿದ್ದರೆ ಟೈರಿನ ಅಡಿಗೆ ಬೆಣೆಯಂತೆ ನುಗ್ಗುತ್ತದೆ, ಕಾರು ನೀರಿನ ಮೇಲೆ ತೇಲುತ್ತದೆ. ಹೈಡ್ರೊಪ್ಲೇನಿಂಗ್ ಎಂದು ಎಂಜಿನಿಯರರು ಕರೆಯುವ ಸ್ಥಿತಿ ಇದು. ಆಗ ಸ್ಟಿಯರಿಂಗನ್ನು ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ.

ವಿಮಾನದ ಚಕ್ರಗಳ ಮೇಲೆ ಪ್ರಯೋಗ ನಡೆಸಿ ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ 1963ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟರು: ಚದರಂಗುಲಕ್ಕೆ ಪೌಂಡುಗಳಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲತೊಡಗುವ ವೇಗ ಗಂಟೆಗೆ ಮೈಲಿಗಳಲ್ಲಿ ದೊರೆಯುತ್ತದೆ. ನೀರಿನ ಆಳ ಕಾಲುವೆಯ ಆಳವನ್ನು ಮೀರಿದಾಗಿನ ಲೆಕ್ಕವಿದು. ಕಾರಿನ ಟೈರಿಗೆ ಅಂದಾಜಾಗಿ ಮಾತ್ರ ಹೊಂದುತ್ತದೆ. ಒತ್ತಡ 33 ಇದ್ದರೆ ಸುಮಾರು 96 ಕಿಲೋಮೀಟರು ವೇಗಕ್ಕೆ ಕಾರು ತೇಲುತ್ತದೆ. ಗಾಳಿ ಹಿಡಿಸುವ ಸೋಮಾರಿತನದಿಂದ ಅದು 24ಕ್ಕೆ ಇಳಿದಿದ್ದರೆ ಸುಮಾರು 82ಕ್ಕೇ ತೇಲುತ್ತದೆ. ಹರಿವಿನ ಒತ್ತಡವು ಸಾಂದ್ರತೆ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧ ಎಂಬ ಪಾಠವನ್ನು ನೆನಪಿಟ್ಟ ವಿದ್ಯಾರ್ಥಿ ಅದನ್ನು ಟೈರಿನ ಒತ್ತಡಕ್ಕೆ ಸಮೀಕರಿಸಿದರೆ, 33 ಪೌಂಡಿಗೆ ಸುಮಾರು 77 ಕಿಲೋಮೀಟರು ಬರುತ್ತದೆ. ನಾಲ್ಕು ಸಾಲಿನ ಲೆಕ್ಕವು ಪ್ರಯೋಗಕ್ಕೆ ಇಷ್ಟು ಸಮೀಪ ಬರುವುದೆಂದರೆ ನಮಗೆ ಈಗಲೂ ಸಂತೋಷ.

ನಮ್ಮ ಮೋಟಾರು ವಾಹನ ನಿಯಮಗಳು ಕಾರಿನ ಟೈರಿಗೆ ವಿಧಿಸಿರುವ ಕನಿಷ್ಠ ಆಳ ಆ 1.6 ಮಿಲಿಮೀಟರೇ. ಇದು ದಂಡದಿಂದ ತಪ್ಪಿಸಿಕೊಳ್ಳುವ ಗಡಿ. ಮಳೆಯಿಂದ ತಪ್ಪಿಸಿಕೊಳ್ಳುವ ಗಡಿಯಲ್ಲ. ಮೂರು ಮಿಲಿಮೀಟರಿಗೆ ಬಂದಾಗಲೇ ಟೈರನ್ನು ಬದಲಿಸಬೇಕೆಂಬುದು ನಮ್ಮ ನಿಲುವು. ‘ಇನ್ನೂ ಬಟನ್ ಇರುವ ಟೈರನ್ನು ಎಸೆಯುವಷ್ಟು ಸಿರಿವಂತರೇನು ನಾವು?’ ಎಂದು ಮನೆಯಲ್ಲಿ ಹಿರಿಯರು ಕೇಳುವುದು ನ್ಯಾಯವೇ. ಎಂಟರಿಂದ 1.6ರವರೆಗೆ ಬಳಸುವ ಬದಲು ಮೂರಕ್ಕೇ ನಿಲ್ಲಿಸಿದರೆ ಟೈರಿನ ಬಾಳಿನಲ್ಲಿ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ನಷ್ಟವಾಗುತ್ತದೆ. ಈ ನಷ್ಟವನ್ನು ಬಹುಮಟ್ಟಿಗೆ ಉಳಿಸುವ ಉಪಾಯವೂ ಉಂಟು. ಒಣ ತಿಂಗಳುಗಳಲ್ಲಿ ಮೂರಕ್ಕಿಂತ ತುಸು ಸವೆದ ಟೈರಿನಲ್ಲೇ ಓಡಿಸಿ, ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ಬದಲಿಸುವುದು. ಈಗ ಅನೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಮಳೆಗಾಲವನ್ನೆಲ್ಲ ನುಣುಪು ಟೈರಿನಲ್ಲಿ ಕಳೆದು, ಆಯುಧಪೂಜೆಗೋ ದೀಪಾವಳಿಗೋ ಹೊಸದನ್ನು ತೊಡಿಸಿ ಅರಿಸಿನ ಕುಂಕುಮ ಇಡುತ್ತೇವೆ. ಆಳವನ್ನು ಅಳೆಯುವುದಕ್ಕೆ ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನ ಬಾಲದ ಕಡ್ಡಿಗಿಂತ ಒಳ್ಳೆಯ ಸಾಧನ ಬೇಡ.

ಬಾಳಿಕೆಯ ಭರವಸೆಯನ್ನು ಅನುಮಾನದಿಂದ ನೋಡಬೇಕೆಂದೂ ನಾವು ಹೇಳುತ್ತೇವೆ. ಬೇಗ ಸವೆಯದಿರುವುದು, ಇಂಧನ ಉಳಿಸುವುದು, ಒದ್ದೆಯಲ್ಲಿ ಹಿಡಿಯುವುದು, ಈ ಮೂರೂ ಒಂದೇ ರಬ್ಬರಿನಲ್ಲಿ ಕೂಡಿಬರುವುದು ಕಷ್ಟ. ಸುಮ್ಮನೆ ಉರುಳುವಾಗ 80ರ ವೇಗದಲ್ಲಿ ರಬ್ಬರಿನ ಪ್ರತಿಯೊಂದು ಭಾಗವೂ ಸೆಕೆಂಡಿಗೆ ಹನ್ನೆರಡು ಸಲ ಮಾತ್ರ ಅಮುಕಿ ಬಿಡಲ್ಪಡುತ್ತದೆ. ಬ್ರೇಕು ಹಾಕಿದಾಗ ರಸ್ತೆಯ ಸೂಕ್ಷ್ಮ ಮೊನೆಗಳು ಅದನ್ನು ಸೆಕೆಂಡಿಗೆ ಸಾವಿರದಿಂದ ಹತ್ತು ಲಕ್ಷ ಸಲದವರೆಗೆ ಅಲುಗಿಸುತ್ತವೆ. ಮೊದಲನೆಯದರಲ್ಲಿ ಶಕ್ತಿ ನಷ್ಟವಾಗಬಾರದು, ಎರಡನೆಯದರಲ್ಲಿ ಆಗಬೇಕು. ಇಂಗಾಲದ ಮಸಿಯ ಬಹುಭಾಗಕ್ಕೆ ಬದಲಾಗಿ ಸಿಲಿಕವನ್ನು ಬೆರೆಸಿ ಮಿಶೆಲಿನ್ ಕಂಪನಿ 1992ರಲ್ಲಿ ಈ ಒಗಟನ್ನು ಸಾಕಷ್ಟು ಬಿಡಿಸಿತು. ಆದರೂ ಅಗ್ಗದ ಟೈರೊಂದು ಬಹುಕಾಲ ಬಾಳುವುದೆಂದರೆ, ಆ ಬಾಳಿಕೆಗಾಗಿ ಯಾವುದನ್ನು ಬಿಟ್ಟುಕೊಟ್ಟಿದೆ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಕೇಂದ್ರ ಸರ್ಕಾರವು 2022ರಲ್ಲಿ ನಿಯಮಗಳನ್ನು ತಿದ್ದಿ ಒದ್ದೆ ಹಿಡಿತ, ಉರುಳುವಿಕೆಯ ತಡೆ, ಸದ್ದು ಇವುಗಳಿಗೆ ಮಿತಿಗಳನ್ನು ಗೊತ್ತುಪಡಿಸಿದುದು ಸ್ವಾಗತಾರ್ಹವೇ. ಆದರೆ ತೇರ್ಗಡೆಯಾದವರೆಲ್ಲರ ಅಂಕಗಳು ಒಂದೇ ಅಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಯುರೋಪಿನಲ್ಲಿ 2012ರಿಂದ ಟೈರಿನೊಡನೆ ಅದರ ಒದ್ದೆ ಹಿಡಿತದ ದರ್ಜೆಯನ್ನು ಅಕ್ಷರದಲ್ಲಿ ತೋರುವ ಚೀಟಿಯನ್ನು ಕೊಡುತ್ತಾರೆ. 2021ರಿಂದ ಅದು ಎ ಇಂದ ಇ ವರೆಗಿನ ಐದು ದರ್ಜೆಗಳಲ್ಲಿದೆ. ಹಿಮದ ದೇಶಗಳ ‘ಸರ್ವಋತು’ ಎಂಬ ಹೆಸರನ್ನು ತರುವುದಕ್ಕಿಂತ ಈ ಚೀಟಿಯನ್ನು ಪ್ರತಿಯೊಂದು ಅಂಗಡಿಗೂ ತರುವುದು ನಮಗೆ ಹೆಚ್ಚು ಪ್ರಯೋಜನಕರ.

ಕೊನೆಯದಾಗಿ ಅಂಗಡಿಯಲ್ಲಿ ವಾಗ್ವಾದಕ್ಕೆ ಕಾರಣವಾಗುವ ಒಂದು ಸಂಗತಿ. ಹಣದ ಅಡಚಣೆಯಿಂದ ಎರಡೇ ಟೈರು ಕೊಂಡಾಗ ಅವನ್ನು ಮುಂದಿನ ಚಕ್ರಗಳಿಗೆ ಹಾಕುವುದೇ ಸರಿಯೆಂದು ಬಹುಮಂದಿ ನಂಬಿದ್ದಾರೆ, ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವುದಲ್ಲವೆ ಎಂದು. ಹೊಸವು ಹಿಂದಕ್ಕೆ ಹೋಗಬೇಕು. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರಗಳು ಜಾರಿದರೆ ಕಾರು ನೆಟ್ಟಗೆ ಸಾಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹುವೇಳೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಅದನ್ನು ತಿದ್ದುವುದು ಸಾಮಾನ್ಯ ಚಾಲಕನಿಗೆ ಸಾಧ್ಯವಿಲ್ಲ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳನ್ನೂ ಓದಿಕೊಳ್ಳಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದ್ದು. ಸವೆಯದಿದ್ದರೂ ರಬ್ಬರು ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಅಂಗಡಿಯ ಅಟ್ಟದ ಮೇಲೆ ಮುಪ್ಪಾದ ಟೈರಿಗೆ ಹೊಸದರ ಬೆಲೆ ಕೊಡಬೇಕಾಗಿಲ್ಲ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯ ಅಂಕೆಗಳನ್ನು ಈ ಸಂಜೆಯೇ ಒಮ್ಮೆ ನೋಡಬಹುದು.