ಹಳೇ ಟಾಕೀಸುಗಳ ಅಟ್ಟ ಹುಡುಕಿ

ಮುಳಬಾಗಿಲಿನ ಹುಡುಗರಿಗೆ ಮೊನ್ನೆ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ ತೋರಿಸಿದೆ. 1924ರ ಮೂಕಿ ಚಿತ್ರ. ಬೈಕ್ ಓಡಿಸುತ್ತಿದ್ದವನು ದಾರಿಯಲ್ಲೇ ಬಿದ್ದುಹೋಗಿದ್ದಾನೆ. ಹ್ಯಾಂಡಲ್ ಮೇಲೆ ಕೂತ ಕೀಟನ್‌ಗೆ ಅದು ಗೊತ್ತೇ ಇಲ್ಲ. ಹಗ್ಗಜಗ್ಗಾಟ ಆಡುತ್ತಿದ್ದವರನ್ನು ಹಗ್ಗದ ಸಮೇತ ಎಳೆದೊಯ್ದು ನೀರಿಗೆ ಕೆಡವುತ್ತಾನೆ. ಸೇತುವೆ ನಡುವೆ ಬಾಯಿಬಿಟ್ಟ ಜಾಗಕ್ಕೆ ಸರಿಯಾದ ಗಳಿಗೆಗೆ ಎರಡು ಲಾರಿಗಳು ಬಂದು ದಾರಿಯಾಗುತ್ತವೆ. ನರಸಾಪುರದ ಹೋಂಡಾ ಕಾರ್ಖಾನೆಗೆ ಹೋಗುವ ಹುಡುಗನೊಬ್ಬ ಕೇಳಿದ: “ಸಾರ್, ನಮ್ಮೋರು ಇಂಥದ್ದು ಮಾಡ್ಲಿಲ್ವಾ?”

ಮಾಡಿದ್ದರು. ಕೋಲಾರದಿಂದ ಎರಡು ತಾಸಿನ ದಾರಿಯ ಬೆಂಗಳೂರಿನಲ್ಲೇ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಸಾಲುಸಾಲಾಗಿ ಮೂಕಿ ಸಾಹಸಚಿತ್ರ ತೆಗೆದಿತ್ತು. ಗುಬ್ಬಿ ವೀರಣ್ಣನವರೂ ನಾಟಕದ ದುಡ್ಡನ್ನು ಮೂಕಿ ಚಿತ್ರಕ್ಕೆ ಸುರಿದರು. 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಮಾತಾಡಿದ ಮೇಲೆ ಮೂಕಿಯನ್ನು ಕೇಳುವವರಿಲ್ಲದಾಯಿತು.

ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿ ತಾಗಿದರೆ ಭಗ್ಗೆಂದು ಉರಿಯುತ್ತದೆ. ಫಿಲ್ಮ್‌ನಲ್ಲಿರುವ ಬೆಳ್ಳಿ ತೆಗೆಯಲೆಂದು ಕರಗಿಸಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಕೀಟನ್ ನಮ್ಮ ಮಕ್ಕಳಿಗೆ ಸಿಗುತ್ತಾನೆ, ಸೂರ್ಯ ಕಂಪನಿಯ ನಟರು ಸಿಗುವುದಿಲ್ಲ. ಇದು ನನ್ನ ಹೊಟ್ಟೆ ಉರಿಸುತ್ತದೆ.

ಕೋಲಾರ ಜಿಲ್ಲಾಡಳಿತ, ಕಾಲೇಜುಗಳು ಈಗಲಾದರೂ ಹುಡುಕುವ ಮನಸ್ಸು ಮಾಡಲಿ. ಮಾಲೂರು, ಶ್ರೀನಿವಾಸಪುರಗಳಲ್ಲಿ ಟಾಕೀಸು, ಟೆಂಟ್ ನಡೆಸಿದ ಮನೆತನಗಳಿದ್ದರೆ ಅಟ್ಟದ ತಗಡಿನ ಡಬ್ಬಿ, ಕರಪತ್ರ, ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕುವ ಮೊದಲು ಅವರಿಗೆ ಒಮ್ಮೆ ತೋರಿಸಲಿ. ಡಬ್ಬಿಯಲ್ಲಿ ಹಳೇ ಫಿಲ್ಮ್ ಇದ್ದರೆ ಒಲೆಯಿಂದ ದೂರವಿಟ್ಟು ತಿಳಿದವರನ್ನು ಕರೆಸಿ.