ಎಸಿ ಆಮೇಲೆ, ಮೊದಲು ಪತ್ರಾಸ್ ನೋಡ್ರಿ

(1/5)
ಪತ್ರಾಸ್ ಶೆಡ್ಡಿಗೆ ಎಸಿ ಹಾಕಿಸೋದು ಅಂದ್ರೆ ತೂತು ಕೊಡಕ್ಕೆ ನೀರು ತುಂಬಿದಂಗೆ. ಕೆಲವರಿಗೆ ಬೇಜಾರಾಗಬಹುದು, ಆದ್ರೂ ಹೇಳೇಬಿಡ್ತೀನಿ.

ಡಿಪ್ಲೊಮಾ ಮುಗಿಯುತ್ತಾ ಬಂತು. ಮನೆ ಹಿಂದಿನ ಖಾಲಿ ಜಾಗದಲ್ಲಿ ಶೆಡ್ ಹಾಕಿ ಸ್ವಂತ ವರ್ಕ್‌ಶಾಪ್ ಶುರು ಮಾಡಬೇಕು ಅನ್ನೋ ಮಂದಿ ನಮ್ಮ ಬ್ಯಾಚಿನಲ್ಲಿ ಬಹಳ ಇದ್ದಾರೆ. ಒಬ್ಬನಿಗೆ ಬೈಕ್ ರಿಪೇರಿ, ಒಬ್ಬನಿಗೆ ಗ್ರಿಲ್-ಗೇಟ್ ಕೆಲಸ, ಒಬ್ಬಳಿಗೆ ಮೋಟಾರ್ ವೈಂಡಿಂಗ್. ಎಲ್ಲರ ಖರ್ಚಿನ ಪಟ್ಟಿಯಲ್ಲೂ ಮಷಿನ್ ಇದೆ, ಹೆಸರಿನ ಬೋರ್ಡ್ ಇದೆ. ಈ ವರ್ಷ ಹೊಸದಾಗಿ ಎಸಿ ಕೂಡ ಸೇರಿದೆ. ಛಾವಣಿಗೆ ಮಾತ್ರ ಒಂದೇ ಸಾಲು: "ಪತ್ರಾಸ್ ಹೊಡೆಸೋದು."

ಕಲಬುರಗಿ, ರಾಯಚೂರು, ಬಳ್ಳಾರಿ ಬಿಸಿಲು ಯಾರಿಗೂ ಹೇಳಿಕೊಡಬೇಕಿಲ್ಲ. ಏಪ್ರಿಲ್-ಮೇನಲ್ಲಿ 40 ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಆ ಒಂದು ಸಾಲಿನ ಕೆಳಗೆ ದಿನಕ್ಕೆ ಹತ್ತು ತಾಸು ನಿಲ್ಲಬೇಕಾದವರು ನೀವು. ನಿಮ್ಮ ಜೊತೆ ಕೆಲಸ ಕಲಿಯೋಕೆ ಬರೋ ಹುಡುಗನೂ ನಿಲ್ತಾನೆ, ಅವನಿಗಂತೂ ಛಾವಣಿ ಹೆಂಗಿರಬೇಕು ಅಂತ ಕೇಳೋರೂ ಇಲ್ಲ.

(2/5)
ಲೆಕ್ಕ ಹಾಕೋಣ. ಮೆಕ್ಯಾನಿಕಲ್ ಓದಿದ್ದು ಯಾತಕ್ಕೆ?

10 ಅಡಿ ಅಗಲ, 20 ಅಡಿ ಉದ್ದದ ಶೆಡ್. ಛಾವಣಿ ಸುಮಾರು 18.5 ಚದರ ಮೀಟರ್. ಸೂರ್ಯ ನೆತ್ತಿ ಮೇಲಿದ್ದಾಗ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1000 ವ್ಯಾಟ್ ಬಿಸಿಲು ಬೀಳ್ತದೆ. ಅಂದ್ರೆ ನಿಮ್ಮ ತಲೆ ಮೇಲೆ 18 ಕಿಲೋವ್ಯಾಟ್. ತುಕ್ಕು ಹಿಡಿದ ತಗಡು ಮಧ್ಯಾಹ್ನ 60 ಡಿಗ್ರಿಗೆ ಸುಲಭವಾಗಿ ಏರ್ತದೆ. ಒಳಗೆ ಎಸಿ 28ಕ್ಕೆ ಇಟ್ಟಿದ್ದೀರಿ ಅಂದುಕೊಳ್ಳಿ. 32 ಡಿಗ್ರಿ ವ್ಯತ್ಯಾಸ. ಬರೀ ತಗಡಿನಿಂದ ಒಳಗಿಳಿಯೋ ಶಾಖ ಸುಮಾರು ಮೂರೂವರೆ ಕಿಲೋವ್ಯಾಟ್.

1 ಟನ್ ಎಸಿ ಒಳಗಿಂದ ಎತ್ತಿ ಹೊರಗೆ ಹಾಕೋ ಶಾಖ ಎಷ್ಟು? ಅದೇ 3.5 ಕಿಲೋವ್ಯಾಟ್. ಅಂದ್ರೆ ಒಂದು ಇಡೀ ಎಸಿ ಬರೀ ತಗಡಿನ ಜೊತೆ ಕುಸ್ತಿ ಆಡ್ತಾ ಇರ್ತದೆ. ಗೋಡೆ, ಶಟರ್, ವೆಲ್ಡಿಂಗ್ ಮಷಿನ್, ನಿಮ್ಮ ಮೈ ಕಾವು ಇವೆಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದೇ ತಗಡಿನ ಕೆಳಗೆ 50 ಮಿಲಿಮೀಟರ್ ದಪ್ಪದ ಇನ್ಸುಲೇಶನ್ ಕೊಟ್ಟರೆ ಇಳಿಯೋ ಶಾಖ 400 ವ್ಯಾಟಿನ ಆಸುಪಾಸು. ಒಂಬತ್ತರಲ್ಲಿ ಒಂದು ಪಾಲು. ಇದಕ್ಕೆ ಕರೆಂಟ್ ಬಿಲ್ ಇಲ್ಲ, ಗ್ಯಾಸ್ ತುಂಬಿಸೋದಿಲ್ಲ, ಲೋಡ್ ಶೆಡ್ಡಿಂಗ್ ಇದ್ದಾಗಲೂ ಕೆಲಸ ಮಾಡ್ತದೆ.

"ಫ್ಯಾನ್ ಹಾಕಿದ್ರೆ ಸಾಲದಾ?" ಅಂತೀರಿ. ಮೇಲೆ ತಗಡಿಗೆ ಅಂಟಿಕೊಂಡಿರೋ ಬಿಸಿ ಗಾಳಿಯನ್ನೇ ಸೀಲಿಂಗ್ ಫ್ಯಾನ್ ಕೆಳಗೆ ತಳ್ಳೋದು. ತಗಡಿನ ಝಳ ಬೇರೆ, ಅದು ಗಾಳಿಯನ್ನು ಕೇಳದೆ ನೇರವಾಗಿ ನೆತ್ತಿಗೆ ಬಡೀತದೆ. ಒಲೆ ಮುಂದೆ ಕೂತು ಬೀಸಣಿಗೆ ಬೀಸಿಕೊಂಡಂಗೆ.

(3/5)
ಇನ್ನು ಯೂಟ್ಯೂಬ್ ಭಕ್ತರ ಹತ್ರ ಬರ್ತೀನಿ. ಅಮೆರಿಕದವರು ಗ್ಯಾರೇಜ್ ಅಂದ್ರೆ ಮನೆ ಪಕ್ಕದ ಕಾರಿನ ಕೋಣೆ. ನಮಗೆ ಗ್ಯಾರೇಜ್ ಅಂದ್ರೆ ಗಾಡಿ ರಿಪೇರಿ ಅಂಗಡಿ. ಶಬ್ದ ಒಂದೇ, ಕಟ್ಟಡ ಬೇರೆ. ಅವರದು ಕಟ್ಟಿಗೆ ಚೌಕಟ್ಟಿನ ಟೊಳ್ಳು ಗೋಡೆ. ಅದರೊಳಗೆ ಗ್ಲಾಸ್ ವೂಲ್ ತುಂಬಿ, ಬಾಗಿಲಿಗೂ ಹಾಸಿಗೆ ಹೊದಿಸಿ, ಸಂದು ಬಿಡದೆ ಮುಚ್ಚಿ, ಆಮೇಲೆ ಎಸಿ ಹಾಕ್ತಾರೆ. ಅಲ್ಲಿ ಬಹಳ ಕಡೆ ಹಿಮದ ಚಳಿಯನ್ನೂ ತಡೀಬೇಕಲ್ಲ. ಇಲ್ಲಿ ನಮ್ಮವರು ಆ ವಿಡಿಯೋದ ಕೊನೇ ಎರಡು ನಿಮಿಷ ಮಾತ್ರ ನೋಡ್ತಾರೆ, ಎಸಿ ಆನ್ ಆಗೋದು.

ನಮ್ಮ ಗೋಡೆ ಇಟ್ಟಿಗೆಯದೋ ಕಲ್ಲಿನದೋ ಇರ್ತದೆ, ಕಾಯೋಕೆ ಅದಕ್ಕೆ ತಾಸುಗಟ್ಟಲೆ ಬೇಕು. ತಗಡಿಗೆ ಕೆಲವೇ ನಿಮಿಷ ಸಾಕು. ಹಂಗಾಗಿ ದುಡ್ಡು ಕಡಿಮೆ ಇದ್ದರೆ ಗೋಡೆ ಬಿಡಿ, ಎಲ್ಲಾ ಛಾವಣಿಗೆ ಸುರೀರಿ. ಪಡುವಣ ಗೋಡೆಗೆ ಒಂದು ಚಪ್ಪರ ಇಳಿಸಿದ್ರೆ ಸಾಕು. ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆ ಮನೆಯೊಳಗೆ ಮಧ್ಯಾಹ್ನ ನಿದ್ದೆ ಬರೋದು ಯಾಕೆ ಅಂತ ಯೋಚಿಸಿ. ತಲೆ ಮೇಲೆ ದಪ್ಪ ಮಣ್ಣಿತ್ತು, ಅಷ್ಟೇ.

(4/5)
ಹಂಗಾದ್ರೆ ಏನು ಮಾಡಬೇಕು?

ಮೊದಲು ಬಿಳಿ ಬಣ್ಣ. ಛಾವಣಿಗೆ ಅಂತಲೇ ಬರೋ ಕೂಲ್ ರೂಫ್ ಪೇಂಟ್, ತುಕ್ಕು ಉಜ್ಜಿ ತೆಗೆದು ಎರಡು ಕೋಟ್. ಬರೀ ಸುಣ್ಣ ತಗಡಿನ ಮೇಲೆ ನಿಲ್ಲೋದಿಲ್ಲ, ಮೊದಲ ಮಳೆಗೆ ತೊಳೆದುಹೋಗ್ತದೆ. ಬಣ್ಣಕ್ಕೂ ದುಡ್ಡಿಲ್ಲ ಅಂದ್ರೆ ತಗಡಿನ ಮೇಲೆ ಒಂದಡಿ ಎತ್ತರದಲ್ಲಿ ಬಿದಿರು ಕಟ್ಟಿ ಹಸಿರು ಶೇಡ್ ನೆಟ್ ಎಳೀರಿ. ಮಧ್ಯೆ ಗಾಳಿ ಆಡಬೇಕು, ತಗಡಿಗೇ ಅಂಟಿಸಿದ್ರೆ ಉಪಯೋಗ ಕಡಿಮೆ.

ಹೊಳೆಯೋ ಫಾಯಿಲ್ ಶೀಟಿಗೂ ಇದೇ ಮಾತು. ಮಿಂಚೋ ಮುಖದ ಮುಂದೆ ಒಂದಿಂಚಾದರೂ ಖಾಲಿ ಗಾಳಿ ಇದ್ದರೆ ಮಾತ್ರ ಅದು ಝಳ ತಡೀತದೆ. ತಗಡಿಗೆ ಒತ್ತಿ ಹಚ್ಚಿದ್ರೆ ಆ ಮುಖದ ಮಿಂಚು ಬರೀ ಅಲಂಕಾರ.

ಈಗ ಗಮನ ಕೊಟ್ಟು ಓದಿ. ವೆಲ್ಡಿಂಗ್, ಗ್ರೈಂಡಿಂಗ್ ಮಾಡೋ ಶೆಡ್ಡಿನಲ್ಲಿ ಥರ್ಮಾಕೋಲನ್ನು ಬೆತ್ತಲೆಯಾಗಿ ಹಾಕಲೇಬೇಡಿ. ಕಿಡಿ ತಗುಲಿದ್ರೆ ಕರಿ ಹೊಗೆ ಕಾರಿ ಉರೀತದೆ, ಕರಗಿ ಉರಿಯೋ ಹನಿ ಮೈಮೇಲೆ ಬೀಳ್ತದೆ. ಪಫ್ ಫೋಮ್ ಉರಿದ್ರೆ ಬರೋ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎರಡೂ ಇರ್ತವೆ. ಇಂಥ ಕಡೆ ರಾಕ್ ವೂಲ್ ಹಾಕಿ, ಕೆಳಗೆ ಸಿಮೆಂಟ್ ಬೋರ್ಡ್ ಮುಚ್ಚಿ. ತಂಪಾಗ್ಲಿ ಅಂತ ತಗಡಿನ ಮೇಲೆ ಒಣ ತೊಗರಿ ಕಟ್ಟಿಗೆ ಒಟ್ಟಿ ಕೆಳಗೆ ವೆಲ್ಡಿಂಗ್ ಮಾಡೋರಿಗೆ ಏನು ಹೇಳಬೇಕೋ ನನಗಂತೂ ತಿಳೀತಿಲ್ಲ. ಹಳೇ ಸಿಮೆಂಟ್ ಶೀಟ್ ಇದ್ದರೆ ಅದಕ್ಕೆ ಡ್ರಿಲ್ ಹಾಕಿ ಧೂಳು ಎಬ್ಬಿಸಬೇಡಿ, ಅದರಲ್ಲಿ ಅಸ್ಬೆಸ್ಟಾಸ್ ಇರ್ತದೆ.

ಛಾವಣಿ ಸರಿಯಾದ ಮೇಲೆ ನಮ್ಮ ಕಡೆಗೆ ಕೂಲರ್ ಸಾಕು. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒಳ್ಳೇ ಕೂಲರ್ 26-27ರ ಗಾಳಿ ಕೊಡ್ತದೆ. ಆದ್ರೆ ಎದುರಿನ ಕಿಟಕಿ ತೆಗೆದಿಡಬೇಕು. ಬಾಗಿಲು ಮುಚ್ಚಿ ಕೂಲರ್ ಹಾಕಿದ್ರೆ ಶೆಡ್ ಅನ್ನೋದು ಹಬೆ ಪಾತ್ರೆ. ಟೂಲ್‌ಗಳಿಗೆ ಎಣ್ಣೆ ಒರೆಸಿಡಿ, ತೇವಕ್ಕೆ ತುಕ್ಕು ಬರ್ತದೆ. ಮಂಗಳೂರು, ಉಡುಪಿ ಗೆಳೆಯರಿಗೆ ಇದು ಹೊಂದೋದಿಲ್ಲ. ಅಲ್ಲಿ ಗಾಳಿಯೇ ಒದ್ದೆ, ಕೂಲರ್ ಎರಡು ಮೂರು ಡಿಗ್ರಿ ಇಳಿಸಿದ್ರೆ ಹೆಚ್ಚು.

(5/5)
ಎಲ್ಲಕ್ಕಿಂತ ಸಿಟ್ಟು ಬರೋದು ಈ ಮಾತಿಗೆ: "ಬಿಸಲು ನಮಗೇನ್ ಹೊಸಾದಾ? ನಾವೆಲ್ಲ ಹಿಂಗೇ ಕಲಿತು ಬಂದೋರು." ಹಿರಿಯ ಮೇಸ್ತ್ರಿಗಳು ಹೇಳ್ತಾರೆ, ನಾವು ತಲೆ ಆಡಿಸ್ತೀವಿ. ಅಣ್ಣಾ, ನೀವು ತಡ್ಕೊಂಡ್ರಿ, ನಿಮಗೆ ಬೇರೆ ದಾರಿ ಇರಲಿಲ್ಲ. ಅದನ್ನೇ ಹುಡುಗರ ಪರೀಕ್ಷೆ ಮಾಡೋದು ಯಾವ ನ್ಯಾಯ? ಬೆವರು ಕಣ್ಣಿಗಿಳಿದಾಗ, ತಲೆ ಗಿರ್ ಅಂದಾಗ ಕೈಯಲ್ಲಿ ತಿರುಗ್ತಾ ಇರೋದು ಗ್ರೈಂಡರ್. ಬೆರಳು ಹೋದ್ರೆ ಗಟ್ಟಿತನ ವಾಪಸ್ ತಂದುಕೊಡ್ತದಾ?

ಇದು ಈಗಿನ ಹುಡುಗರ ಸುಖದ ಆಸೆ ಅನ್ನೋರು 1948ರ ಫ್ಯಾಕ್ಟರಿ ಕಾಯ್ದೆಯ 13ನೇ ಸೆಕ್ಷನ್ ಓದಬೇಕು. ಗೋಡೆ, ಛಾವಣಿ ಎಂಥ ವಸ್ತುವಿನದಾಗಿರಬೇಕು ಅಂದ್ರೆ ಒಳಗಿನ ಶಾಖ ಆದಷ್ಟು ಕಡಿಮೆ ಇರಬೇಕು ಅಂತ ಆಗಲೇ ಬರೆದಿದ್ದರು. ಬಿಳಿ ಬಳಿಯೋದು, ಛಾವಣಿ ಎತ್ತರಿಸೋದು, ನಡುವೆ ಗಾಳಿ ಬಿಟ್ಟು ಎರಡು ಪದರದ ಛಾವಣಿ ಹಾಕೋದು, ಎಲ್ಲಾ ಆ ಕಾಯ್ದೆಯಲ್ಲೇ ಹೆಸರು ಹಿಡಿದು ಬಂದಿದ್ದವು. ಆದ್ರೆ ಅದು ಹಿಡಿದಿದ್ದು ಕರೆಂಟ್ ಬಳಸೋ ಕಡೆ ಹತ್ತು ಮಂದಿ ದುಡಿದ್ರೆ ಮಾತ್ರ. ಮೂರು ಮಂದಿಯ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರಲಿಲ್ಲ, ಬರೋದೂ ಇಲ್ಲ. ಅಲ್ಲಿ ಕಾನೂನು ಅಂದ್ರೆ ಮಾಲೀಕ. ಬರೋ ವರ್ಷ ಆ ಮಾಲೀಕ ನೀವೇ.

ಈ ತಿಂಗಳು ಶೆಡ್ ಎಬ್ಬಿಸೋರು ಇದ್ದರೆ ಫ್ಯಾಬ್ರಿಕೇಟರ್ ಹತ್ರ ಕೊಟೇಶನ್ ಬರೆಸೋ ಮೊದಲು ಉದ್ದ, ಅಗಲ, ಎತ್ತರ, ಒಳಗೆ ವೆಲ್ಡಿಂಗ್ ಇದೆಯೋ ಇಲ್ಲವೋ ಅಂತ ಮೆಸೇಜ್ ಹಾಕ್ರಿ. ಭಾನುವಾರ ಕೂತು ಎಲ್ಲರ ಛಾವಣಿ ಲೆಕ್ಕ ಮಾಡಿಕೊಡ್ತೀನಿ.

#ಪತ್ರಾಸ್_ಶೆಡ್ #ನಮ್ಮ_ವರ್ಕ್‌ಶಾಪ್ #ಕಲಬುರಗಿ_ಬಿಸಿಲು